ಹಳೇ ರ‍್ಯಾಮ್: ನಾವೇ ಮಾರೋದಾ, ಬೈಬ್ಯಾಕ್‌ಗೆ ಕೊಡೋದಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಬೈಬ್ಯಾಕ್ (ಹಳೇ ಬಿಡಿಭಾಗ ಕೊಳ್ಳುವ ಕಂಪನಿಗೇ ಕೊಟ್ಟುಬಿಡೋದು) ಪಕ್ಷ. ದುಡ್ಡು ಕಮ್ಮಿ ಸಿಗುತ್ತದೆ, ಗೊತ್ತು. ಆದರೂ ಸರಿ.

ಪಿಸಿ ಬದಲಾಯಿಸಿದಾಗ ಡಿಡಿಆರ್4 ತಲೆಮಾರಿನ 16 ಜಿಬಿ ರ‍್ಯಾಮ್ (ಮೆಮೊರಿ) ಸ್ಟಿಕ್ ನಾಲ್ಕು ಉಳಿದವು. ಹೊಸ ಮದರ್‌ಬೋರ್ಡ್‌ಗೆ ಬೇಕಾದ್ದು ಮುಂದಿನ ತಲೆಮಾರಿನ ಡಿಡಿಆರ್5. ಎರಡಕ್ಕೂ 288 ಪಿನ್ನೇ, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ಕೂರುವುದೇ ಇಲ್ಲ. ಎರಡನ್ನು ನಾನೇ ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಹಾಕಿದೆ. ಇನ್ನೆರಡನ್ನು ಬೈಬ್ಯಾಕ್ ಕಂಪನಿಗೆ ಕಳಿಸಿದೆ.

ನಾನೇ ಮಾರಿದ್ದಕ್ಕೆ ಒಳ್ಳೇ ಬೆಲೆ ಬಂತು. ‘ಡೆಸ್ಕ್‌ಟಾಪ್ ರ‍್ಯಾಮ್’ ಅಂತ ದಪ್ಪಕ್ಷರದಲ್ಲಿ ಬರೆದಿದ್ದರೂ ಲ್ಯಾಪ್‌ಟಾಪ್‌ಗೆ ಆಗುತ್ತಾ ಅಂತ ಕೇಳಿದವರಿಗೆ ಲೆಕ್ಕವಿಲ್ಲ. (ಆಗಲ್ಲ. ಲ್ಯಾಪ್‌ಟಾಪಿನದು 260 ಪಿನ್ನಿನ ಗಿಡ್ಡ ಸ್ಟಿಕ್.) ಅದನ್ನೂ ಸಹಿಸಿಕೊಂಡೆ.

ವಾರ ಕಳೆದ ಮೇಲೆ ಕೊಂಡವರಿಂದ ಮೆಸೇಜು ಬಂತು: ‘ಒಂದು ಸ್ಟಿಕ್ ಕೆಲಸ ಮಾಡ್ತಿಲ್ಲ.’ ಕಳಿಸುವ ಮುಂಚೆ ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿದ್ದೆ. ನಾಲ್ಕು ಸುತ್ತು ಟೆಸ್ಟ್, ಒಂದೂ ಎರರ್ ಇಲ್ಲ. ಇರಲಿ, ವಾಪಸ್ ಕಳಿಸಿ ಅಂದೆ.

ಬಂದ ಕವರ್ ಬಿಚ್ಚಿದರೆ ಅದೇ ಬ್ರ್ಯಾಂಡ್, ಅದೇ 16 ಜಿಬಿ, ಅದೇ ಸ್ಪೀಡ್. ತಿರುಗಿಸಿ ನೋಡಿದೆ. ಹಿಂದೆ ಖಾಲಿ ಹಸಿರು ಹಲಗೆ! ನನ್ನ ಸ್ಟಿಕ್ಕಿಗೆ ಎರಡೂ ಕಡೆ ಎಂಟೆಂಟು ಚಿಪ್ ಇದ್ದವು, ಲೇಬಲ್ ಮೇಲೆ 2ಆರ್‌x8 (ಚಿಪ್‌ಗಳ ಎರಡು ಗುಂಪು; 1ಆರ್ ಅಂದರೆ ಒಂದೇ ಗುಂಪು) ಅಂತಿತ್ತು. ಇದು 1ಆರ್‌x8. ಟೆಸ್ಟಿಗೆ ಹಾಕಿದರೆ ಹತ್ತೇ ನಿಮಿಷದಲ್ಲಿ ಪರದೆ ತುಂಬ ಕೆಂಪು ಸಾಲು. ಅವರ ಕೆಟ್ಟ ಸ್ಟಿಕ್ ನನಗೆ ದಾಟಿಸಿ, ನನ್ನದನ್ನು ಇಟ್ಟುಕೊಂಡಿದ್ದಾರೆ.

ಮಾರಾಟಕ್ಕೆ ಹಾಕಿದ್ದ ಸೈಟಿಗೆ ದೂರು ಕೊಟ್ಟೆ. ಪುರಾವೆ ಕೇಳಿದರು. ನಾನು ತೆಗೆದ ಫೋಟೋದಲ್ಲಿ ಫ್ಲ್ಯಾಶ್ ಬೆಳಕು ಸರಿಯಾಗಿ ಸೀರಿಯಲ್ ನಂಬರ್ ಮೇಲೇ ಬಿದ್ದಿತ್ತು. ಟೆಸ್ಟಿನ ಸ್ಕ್ರೀನ್‌ಶಾಟ್ ಯಾವ ಸ್ಟಿಕ್ಕಿನದು ಅಂತ ಯಾರು ಹೇಳಬೇಕು? ದುಡ್ಡು ಕೊಂಡವರಿಗೆ ವಾಪಸ್ ಹೋಯಿತು.

ನೀವೇ ಮಾರುವುದಾದರೆ ಎರಡೂ ಬದಿಯ ಫೋಟೋ ತೆಗೆಯಿರಿ, ಸೀರಿಯಲ್ ನಂಬರ್ ಓದಲು ಬರಬೇಕು. ಹಲಗೆಯ ಅಂಚಿಗೆ, ಪಿನ್ನುಗಳಿಂದ ದೂರ, ಉಗುರುಬಣ್ಣದ ಒಂದು ಚುಕ್ಕೆ ಇಡಿ. ಪ್ಯಾಕ್ ಮಾಡುವಾಗ ವಿಡಿಯೋನೂ ಇರಲಿ. ಎರಡು ಸ್ಟಿಕ್ಕಿಗೆ ಇಷ್ಟೆಲ್ಲ ಮಾಡುವ ತಾಳ್ಮೆ ನನಗಿಲ್ಲ.

ಬೈಬ್ಯಾಕ್‌ನಲ್ಲಿ ಪಾರ್ಟ್ ನಂಬರ್ ಹೊಡೆದೆ, ಬೆಲೆ ಬಂತು, ಆಂಟಿಸ್ಟ್ಯಾಟಿಕ್ (ಸ್ಥಿರವಿದ್ಯುತ್ ತಡೆಯುವ) ಕವರಿನಲ್ಲಿ ಹಾಕಿ ಕಳಿಸಿದೆ. ಅವರು ಟೆಸ್ಟ್ ಮಾಡಿ ಸೀರಿಯಲ್ ನಂಬರ್ ಸಮೇತ ಮೇಲ್ ಹಾಕಿದರು, ಆಮೇಲೆ ದುಡ್ಡು. ನೇರವಾಗಿ ಮಾರಿದ್ದರೆ ಸಿಗುತ್ತಿದ್ದುದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹೇಳಿದ ಬೆಲೆ ಕೆಲವೇ ದಿನ ನಿಲ್ಲುತ್ತದೆ, ಸುಮ್ನೆ ಮೇಜಿನ ಮೇಲೆ ಇಟ್ಟುಕೊಂಡು ಕೂರಬೇಡಿ. ಇನ್ನೂ ಹಳೇ ತಲೆಮಾರಿನ ಡಿಡಿಆರ್3 ಅಂದರೆ ಅವರು ಮುಟ್ಟಲಿಲ್ಲ.

ಕೊಳ್ಳುವವರನ್ನು ಮುಖಾಮುಖಿ ಭೇಟಿಯಾಗಿ, ಅವರ ಕಣ್ಣ ಮುಂದೆಯೇ ಬೂಟ್ ಮಾಡಿ ತೋರಿಸಿ ಮಾರೋದು ಎಲ್ಲಕ್ಕಿಂತ ಸೇಫ್. ನನಗೆ ಅಪರಿಚಿತರ ಜೊತೆ ಚೌಕಾಸಿ ಬರಲ್ಲ.

ದೊಡ್ಡ ಕಿಟ್ (ಸ್ಟಿಕ್‌ಗಳ ಸೆಟ್) ಇದ್ದು, ದುಡ್ಡಿನ ಅಗತ್ಯವೂ ಇದ್ದರೆ ನೀವೇ ಮಾರಿ, ವ್ಯತ್ಯಾಸ ಚಿಕ್ಕದಲ್ಲ. ನನಗೆ ಅದು ಬೇಕಾಗಿರಲಿಲ್ಲ. ಆ ಕೆಟ್ಟ ಸ್ಟಿಕ್ ಇನ್ನೂ ಡ್ರಾಯರಿನಲ್ಲೇ ಬಿದ್ದಿದೆ. ಅದನ್ನು ಮಾತ್ರ ಬೈಬ್ಯಾಕ್‌ನವರೂ ತಗೊಳ್ಳಲ್ಲ.