ನಾಯಿ ಓಡಿಸೋದಾ, ಹುಲ್ಲು ಬಿಡೋದಾ? ಸುಪೆಯ ಮಾಳದಲ್ಲಿ ಮೂರು ವರ್ಷ

ಟಿಟ್ಟಿಭ ಹಕ್ಕಿಯ ಮೊಟ್ಟೆ ಉಳಿಸೋಕೆ ಮೂರು ದಾರಿ ನೋಡಿದ್ದೇನೆ. ಗೂಡಿನ ಸುತ್ತ ಮುಳ್ಳು ಹಾಕೋದು, ನಾಯಿಗಳ ಕಾಟ ಕಡಿಮೆ ಮಾಡೋದು, ಹುಲ್ಲು ಕೊಯ್ಯದೆ ಬಿಡೋದು. ಮೂರೂ ನಮ್ಮ ಭಾವನ ನಾಲ್ಕು ಎಕರೆಯಲ್ಲೇ. ಜಾಗ ಪುಣೆಯಿಂದ ಸುಮಾರು 70 ಕಿಲೋಮೀಟರ್, ಸುಪೆಯ ಹತ್ತಿರ, ಮಯೂರೇಶ್ವರ ಅಭಯಾರಣ್ಯ ಇರೋ ಕಡೆ. ಕಲ್ಲು ನೆಲ, ಕುರುಚಲು ಗಿಡ, ಮಳೆಗಾಲದಲ್ಲಿ ಮಾತ್ರ ಹಸಿರು. ವಿಜಯಪುರದ ಕಡೆ ನಾವು ಮಾಳ ಅನ್ನೋದನ್ನೇ ಇಲ್ಲಿ ಮಾಳರಾನ್ ಅಂತಾರೆ.

ಮೊದಲು ಮುಳ್ಳಿನ ವಿಷಯ ಹೇಳಿ ಮುಗಿಸ್ತೀನಿ, ಯಾಕೆಂದರೆ ಅದು ಸೋತಿತು. ಟಿಟ್ಟಿಭ ಗೂಡು ಅಂತ ಏನೂ ಕಟ್ಟಲ್ಲ. ಬರೀ ನೆಲದಲ್ಲಿ ಚಿಕ್ಕ ಗುಳಿ, ನಾಲ್ಕು ಮೊಟ್ಟೆ, ಹೆಚ್ಚೂ ಕಡಿಮೆ ನಾಲ್ಕು ವಾರ ಕಾವು. ನಾಲ್ಕು ವಾರ ಬಯಲಲ್ಲಿ ಮೊಟ್ಟೆ ಉಳಿಯೋದು ಅಂದರೆ ಸುಮ್ನೆ ಮಾತಲ್ಲ. ಬಳ್ಳಾರಿ ಜಾಲಿ ಕಡಿದು ನಾಲ್ಕು ಹೆಜ್ಜೆ ದೂರದಲ್ಲಿ ಸುತ್ತ ಹಾಕಿದೆ. ಮೇಕೆ ಬರಲಿಲ್ಲ, ನಾಯಿಯೂ ಬರಲಿಲ್ಲ. ಆದರೆ ಅಷ್ಟು ದಿನ ಕೂರೋಕೆ ಜಾಗವೇ ಇಲ್ಲದ ಬಯಲಲ್ಲಿ ಕಾಗೆಗೆ ನಾನೇ ಒಂದು ಕೊಂಬೆ ಕೊಟ್ಟ ಹಾಗಾಯಿತು. ಮೂರನೇ ದಿನ ಗುಳಿ ಖಾಲಿ. ಕಾಗೆಯೇ ತಿಂದಿತು ಅಂತ ಕಣ್ಣಾರೆ ನೋಡಿಲ್ಲ, ಮುಳ್ಳಿನ ಮೇಲೆ ಕೂತಿದ್ದನ್ನು ಮಾತ್ರ ಎರಡು ಸಲ ನೋಡಿದೆ. ಮತ್ತೆ ಆ ಕಡೆ ಮುಳ್ಳು ಹಾಕಿಲ್ಲ, ಗೂಡಿನ ಹತ್ತಿರ ಹೋಗೋದನ್ನೂ ಬಿಟ್ಟೆ. ಈಗ ಬೈಕ್ ಪಕ್ಕ ಕೂತು ಬೈನಾಕ್ಯುಲರ್‌ನಲ್ಲಿ ನೋಡ್ತೀನಿ.

ಇನ್ನು ನಾಯಿ. ಪಕ್ಕದಲ್ಲೇ ಒಂದು ಕೋಳಿ ಶೆಡ್ ಇದೆ, ಸತ್ತ ಕೋಳಿಗಳನ್ನು ಹಳ್ಳಕ್ಕೆ ಎಸೀತಿದ್ದರು. ಅದನ್ನೇ ನಂಬಿ ಹತ್ತು ನಾಯಿ ಅಲ್ಲೇ ಠಿಕಾಣಿ ಹೂಡಿದ್ದವು. ಹೊಟ್ಟೆ ತುಂಬಿದ ಮೇಲೆ ಮಾಳದ ತುಂಬ ಅಲೆದು ಮೊಟ್ಟೆ, ಮರಿ, ಮೊಲ, ಏನು ಸಿಕ್ಕರೂ ಬಿಡ್ತಿರಲಿಲ್ಲ. ಅಳಿಯನೂ ನಾನೂ ಕೋಲು ಹಿಡಿದು ಓಡಿಸಿದೆವು, ಒಂದು ಗಂಟೆಗೆ ವಾಪಸ್ಸು. ಆಮೇಲೆ ಸಂತಾನಹರಣದ ದಾರಿ ವಿಚಾರಿಸಿದೆ. 2023ರ ನಿಯಮದ ಪ್ರಕಾರ ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಅದು ಆಗಲೇಬೇಕಾದ ಕೆಲಸ, ಮುಂದೆ ಮರಿ ಹುಟ್ಟೋದು ನಿಲ್ಲುತ್ತೆ. ಆದರೆ ಆ ನಾಯಿ ಅಲ್ಲೇ ಇರುತ್ತೆ, ಈ ವರ್ಷದ ಮೊಟ್ಟೆ ಅದರಿಂದ ಉಳಿಯಲ್ಲ.

ಕೊನೆಗೆ ಕೆಲಸಕ್ಕೆ ಬಂದಿದ್ದು ಗುಂಡಿ. ಶೆಡ್ಡಿನವರ ಹತ್ತಿರ ಮೂರು ಭಾನುವಾರ ಕೂತು ಮಾತಾಡಿ, ಆಳವಾದ ಗುಂಡಿ ತೋಡಿಸಿ, ಸತ್ತ ಕೋಳಿ ಹಾಕಿದಾಗೆಲ್ಲ ಮೇಲೆ ಸುಣ್ಣ ಮಣ್ಣು ಮುಚ್ಚೋ ಹಾಗೆ ಒಪ್ಪಿಸಿದೆವು. ಎರಡು ತಿಂಗಳಲ್ಲಿ ಹತ್ತಿದ್ದ ನಾಯಿ ಮೂರಾದವು, ಹಳ್ಳದ ಮೇಲೆ ಸುತ್ತುತ್ತಿದ್ದ ಕಾಗೆಗಳೂ ಕಡಿಮೆಯಾದವು. ಹಿಂದಿನ ವರ್ಷ ನಾಲ್ಕು ಗೂಡಲ್ಲಿ ಒಂದೇ ಒಂದರಲ್ಲಿ ಮರಿ ಬಂದಿತ್ತು, ಆ ವರ್ಷ ಐದರಲ್ಲಿ ಮೂರು. ಲೆಕ್ಕ ಚಿಕ್ಕದು, ಗೊತ್ತು. ಆದರೂ ಬೇರೆ ಏನು ಮಾಡಿದಾಗಲೂ ಇಷ್ಟು ಫರಕು ಕಂಡಿರಲಿಲ್ಲ.

ಮೊಟ್ಟೆ, ಮರಿ ತಿನ್ನೋ ಪ್ರಾಣಿಯನ್ನು ಕೊಂದೇ ಬಿಡೋ ದಾರಿಯೂ ಇದೆಯಲ್ಲ ಅಂತ ಕೆಲವರು ಕೇಳ್ತಾರೆ. ಬ್ರಿಟನ್ನಿನಲ್ಲಿ ಅದನ್ನು ಮಾಡಿ ನೋಡಿದ್ದಾರೆ. ಆಟರ್‌ಬರ್ನ್‌ನಲ್ಲಿ 2000ದಿಂದ 2008ರವರೆಗೆ ನರಿ, ಕಾಗೆ ಮುಂತಾದವನ್ನು ತೆಗೆದಾಗ ಅಲ್ಲಿನ ಟಿಟ್ಟಿಭ ಜಾತಿಯ ಹಕ್ಕಿ, ಕರ್ಲ್ಯೂ ಮುಂತಾದ ನೆಲದಲ್ಲಿ ಮೊಟ್ಟೆ ಇಡೋ ಹಕ್ಕಿಗಳ ಮರಿ ಮಾಡುವಿಕೆ ಸರಾಸರಿ ಮೂರು ಪಟ್ಟು ಆಯಿತು. ಫಲಿತಾಂಶ ಸುಳ್ಳಲ್ಲ, ಅದನ್ನು ಒಪ್ಪಲೇಬೇಕು. ಆದರೆ ನಮ್ಮ ಮಾಳದಲ್ಲಿ ಮುಂಗುಸಿ, ಉಡ, ನರಿ, ತೋಳ ಎಲ್ಲ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಅವು ಈ ಮಾಳದವೇ, ಟಿಟ್ಟಿಭದ ಜೊತೆಗೇ ಬಾಳಿಕೊಂಡು ಬಂದಿವೆ. ನಾವು ಹಾಕೋ ಕಸದ ಮೇಲೆ ಬದುಕೋ ಹತ್ತು ನಾಯಿಯ ಲೆಕ್ಕವೇ ಬೇರೆ, ಅಲ್ವಾ?

ಹುಲ್ಲಿನ ಕಥೆ ನಿಧಾನದ್ದು. ಮೊದಲೆಲ್ಲ ಭಾವ ಮಳೆ ಮುಗಿದ ಕೂಡಲೇ ಪೂರ್ತಿ ಕೊಯ್ದು ಮಾರಿ, ಉಳಿದ ಬುಡಕ್ಕೆ ಫೆಬ್ರವರಿಯಲ್ಲಿ ಬೆಂಕಿ ಹಾಕ್ತಿದ್ದರು. "ಮೇವಿನ ದುಡ್ಡು ಯಾರು ಕೊಡ್ತಾರೆ?" ಅಂತ ಕೇಳಿದರು, ನ್ಯಾಯವಾದ ಮಾತೇ. ಅರ್ಧ ಕೊಯ್ಯೋದು, ಅರ್ಧ ಮುಂದಿನ ಮಳೆವರೆಗೆ ಬಿಡೋದು, ಬೆಂಕಿ ಬೇಡ, ಬದುವಿಗೆ ಕಳೆನಾಶಕ ಬೇಡ ಅಂತ ಮಾತಾಯಿತು. ಮೊದಲ ವರ್ಷ ಏನೂ ಕಾಣಲಿಲ್ಲ. ಎರಡನೇ ವರ್ಷ ಬೋರೆ ಗಿಡದ ಬುಡದಿಂದ ಗೌಜಲಹಕ್ಕಿ ತಾಯಿ, ಹಿಂದೆ ಆರು ಮರಿ. ಆ ಮರಿಗಳಿಗೆ ಮೊದಲ ದಿನಗಳಲ್ಲಿ ಹುಳುವೇ ಊಟ, ಕಳೆ ಇದ್ದರೆ ತಾನೇ ಹುಳು ಇರೋದು.

ಆದರೆ ಎತ್ತರದ ಹುಲ್ಲಿಗೆ ಟಿಟ್ಟಿಭ ಕಾಲಿಡಲಿಲ್ಲ! ಅದಕ್ಕೆ ಸುತ್ತ ದೂರದವರೆಗೂ ಕಾಣಬೇಕು, ಕುರಿ ಮೇಯ್ದ ಬೋಳು ನೆಲವೇ ಬೇಕು. ಹಾಗಾಗಿ ಕೊಯ್ದ ಅರ್ಧಕ್ಕೆ ಧನಗರ ಅಜ್ಜನ ಕುರಿ ಬರಲಿ ಅಂತಲೇ ಬಿಟ್ಟಿದ್ದೇವೆ. ಮೊಟ್ಟೆ ಇರೋ ಕಡೆ ಟಿಟವಿ (ಟಿಟ್ಟಿಭಕ್ಕೆ ಇಲ್ಲಿನ ಹೆಸರು) ಕೂಗಿದರೆ ಅವರೇ ಮಂದೆಯನ್ನು ಸುತ್ತು ಹಾಕಿಸ್ತಾರೆ, ನಾನು ಹೇಳಿಕೊಡಬೇಕಾಗಿಲ್ಲ.

ಟಿಟ್ಟಿಭಕ್ಕಾಗಿ ಒಂದೇ ಕೆಲಸಕ್ಕೆ ದುಡ್ಡಿದೆ ಅಂದರೆ ಗುಂಡಿಗೆ ಹಾಕಿ. ಗೌಜಲಹಕ್ಕಿ ಬೇಕು ಅಂದರೆ ಹುಲ್ಲು ಬಿಡಿ, ಜೊತೆಗೆ ಎರಡು ವರ್ಷ ತಾಳ್ಮೆ ಇಟ್ಟುಕೊಳ್ಳಿ. ನಮ್ಮ ಗುಂಡಿ ಈಗ ತುಂಬುತ್ತಾ ಬಂದಿದೆ. ಎರಡನೆಯದನ್ನು ಮಾರ್ಚ್‌ಗೆ ಮುಂಚೆ, ಅಂದರೆ ಮೊದಲ ಮೊಟ್ಟೆ ಬೀಳೋದರೊಳಗೆ ತೋಡಬೇಕು. ಖರ್ಚಿನಲ್ಲಿ ಅರ್ಧ ಶೆಡ್ಡಿನವರೇ ಹಾಕ್ತೀವಿ ಅಂದಿದ್ದಾರೆ.