ವಿಶ್ರಾಂತಿಯ ನಂತರದ ಮೊದಲ ಗುಂಡು: ಸೆಕೆಂಡ್ ಹ್ಯಾಂಡ್ ಏರ್ ರೈಫಲ್ ಜೊತೆ ಎರಡೂಮುಕ್ಕಾಲು ವರ್ಷ

ನಾಲ್ಕು ತಿಂಗಳು ನನ್ನ ಮಗಳು ತಪ್ಪು ತನ್ನದೇ ಅಂತ ನಂಬಿಕೊಂಡಿದ್ದಳು. ತಪ್ಪು ರೈಫಲ್‌ನದಾಗಿತ್ತು. ಇದನ್ನು ಬರೆಯಲು ಕೂತದ್ದೇ ಅದಕ್ಕೆ.

2022ರ ಜೂನ್‌ನಲ್ಲಿ ಮುಂಬೈಯ ಒಂದು ಮನೆಯವರಿಂದ ಕೊಂಡೆವು. ಅವರ ಹುಡುಗ ಶೂಟಿಂಗ್ ಬಿಟ್ಟಿದ್ದ. 10 ಮೀಟರ್ ಸ್ಪರ್ಧೆಗೆ ಬಳಸುವ ವಿದೇಶಿ ರೈಫಲ್, 85,000 ರೂಪಾಯಿ. ಹೊಸದು ನನ್ನ ಸಂಬಳಕ್ಕೆ ಎಟುಕುವ ಮಾತಲ್ಲ. ಬೋರು, ಅಂದರೆ ನಳಿಗೆಯ ಒಳ ಅಗಲ, 4.5 ಮಿಲಿಮೀಟರ್, ಶಕ್ತಿ 20 ಜೂಲ್‌ಗಿಂತ ಬಹಳ ಕೆಳಗೆ, ಹಾಗಾಗಿ ಲೈಸೆನ್ಸಿಗೆ ಓಡಾಡುವ ಕೆಲಸ ಇರಲಿಲ್ಲ. ಕಂಪನಿ ಹೆಸರು ಬರೆಯುವುದಿಲ್ಲ. ಆದದ್ದರಲ್ಲಿ ಕಂಪನಿಯ ತಪ್ಪೇನೂ ಇಲ್ಲ.

ಮೊದಲ ಎರಡು ವರ್ಷ ನಮ್ಮ ಮನೆಗೆ ಇನ್ನೊಂದು ಮಗು ಬಂದ ಹಾಗಿತ್ತು. ಪುಣೆಯ ಕರ್ವೆನಗರದಿಂದ ಬಾಲೇವಾಡಿ ಶೂಟಿಂಗ್ ರೇಂಜಿಗೆ ಹೋಗಿ ಬಂದ ಮೇಲೆ ಮಗಳು ಚಹಾ ಕುಡಿಯುವ ಮೊದಲೇ ಪೆಟ್ಟಿಗೆ ತೆರೆಯುತ್ತಾಳೆ. ನಳಿಗೆಯಲ್ಲಿ ಸೇಫ್ಟಿ ಫ್ಲ್ಯಾಗ್, ಅಂದರೆ ಒಳಗೆ ಗುಂಡಿಲ್ಲ ಅಂತ ತೋರಿಸುವ ಗುರುತು, ಇದೆಯೇ ನೋಡುತ್ತಾಳೆ. ಆಮೇಲೆ ನಮ್ಮವ್ವನ ಹಳೆಯ ಇಳಕಲ್ ಸೀರೆಯ ತುಂಡಿನಿಂದ ಕೈ ತಾಗಿದ ಜಾಗವನ್ನೆಲ್ಲ ಒರೆಸುತ್ತಾಳೆ. ಪುಣೆಯ ಮಳೆಗಾಲದಲ್ಲಿ ಬೆವರಿನ ಉಪ್ಪು ಕಬ್ಬಿಣದ ಮೇಲೆ ಒಂದು ರಾತ್ರಿ ಕೂತರೂ ಕಲೆ ಬೀಳುತ್ತದೆ. ನೂರಾರು ಸಲ ತೊಳೆದು ಮೆತ್ತಗಾದ ಆ ಹತ್ತಿಯಷ್ಟು ಒಳ್ಳೆಯ ಬಟ್ಟೆ ಯಾವ ಅಂಗಡಿಯಲ್ಲೂ ನನಗೆ ಸಿಕ್ಕಿಲ್ಲ. ಪೆಲೆಟ್ (ಸೀಸದ ಪುಟ್ಟ ಗುಂಡು) ಡಬ್ಬಿಯನ್ನು ಕುಲುಕಬಾರದು ಎನ್ನುವುದು ಅವಳ ಕಟ್ಟಪ್ಪಣೆ; ಸೀಸ ಮೆತ್ತಗಿರುತ್ತದೆ, ಅಂಚು ತಗ್ಗಿದರೆ ಗುರಿ ಕೆಡುತ್ತದೆ.

2024ರ ಏಪ್ರಿಲ್‌ನಲ್ಲಿ ಶುರುವಾಯಿತು. "ಅಪ್ಪಾ, ಸ್ವಲ್ಪ ಕುಂತು ಎದ್ದ ಮ್ಯಾಲೆ ಮೊದಲನೇ ಗುಂಡು ಮ್ಯಾಲೆ ಹೊಕ್ಕೈತಿ" ಅಂದಳು. ಗಮನ ತಪ್ಪುತ್ತಿರಬೇಕು ಅಂತ ಕೋಚ್ ಹೇಳಿದರು, ನಾನೂ ತಲೆಯಾಡಿಸಿದೆ. ಸ್ಪರ್ಧೆಯಲ್ಲಿ 60 ಗುಂಡಿಗೆ 75 ನಿಮಿಷ; ನಡುವೆ ದಣಿವಾರಿಸಿಕೊಳ್ಳಲು ಸಮಯವಿದೆ. ಇವಳು ಆ ಒಂದು ಗುಂಡಿಗೆ ಹೆದರಿ ಕೂಡುವುದನ್ನೇ ಬಿಟ್ಟಳು. ಬಿಗಿ ಜಾಕೆಟ್ ಹಾಕಿಕೊಂಡು, ನಾಲ್ಕೈದು ಕಿಲೋ ಭಾರ ಎತ್ತಿ ಇಳಿಸುತ್ತ, ಮುಕ್ಕಾಲು ಗಂಟೆ ನಿಂತೇ ಇರುತ್ತಿದ್ದಳು. ಸಂಜೆಗೆ ಸೊಂಟ ಹಿಡಿದುಕೊಂಡು ಮಲಗುತ್ತಿದ್ದಳು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ.

ಜುಲೈನಲ್ಲಿ ರೇಂಜಿನ ಗೆಳೆಯರೊಬ್ಬರು ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ತಂದರು. ನಿಮಿಷಕ್ಕೊಂದರಂತೆ ಹೊಡೆದಾಗ ವೇಗ ಸೆಕೆಂಡಿಗೆ 170, 171, 170 ಮೀಟರ್. ಹತ್ತು ನಿಮಿಷ ಬಿಟ್ಟು ಹೊಡೆದದ್ದು 182. ಅದರ ಹಿಂದೆಯೇ ಹೊಡೆದದ್ದು ಮತ್ತೆ 171. ಮೂರು ಸಲ ಮಾಡಿದೆವು, ಮೂರು ಸಲವೂ ಹೀಗೇ. ವೇಗ ಅಷ್ಟು ಹೆಚ್ಚಿದರೆ 10 ಮೀಟರಿನಲ್ಲಿ ಗುಂಡು ಸುಮಾರು 2 ಮಿಲಿಮೀಟರ್ ಮೇಲೆ ಬೀಳುತ್ತದೆ. ಗುರಿಯ ನಡುವಿನ ಹತ್ತು ಅಂಕದ ಚುಕ್ಕೆಯ ಅಗಲವೇ ಅರ್ಧ ಮಿಲಿಮೀಟರ್. ಒಂದು ವೃತ್ತದಿಂದ ಮುಂದಿನದಕ್ಕೆ ಎರಡೂವರೆ. ಅಂದರೆ ಮುಕ್ಕಾಲು ಅಂಕ ಯಂತ್ರವೇ ತಿನ್ನುತ್ತಿತ್ತು. ಮಗಳು ಆ ಅಂಕಿಗಳನ್ನು ನೋಡಿ ಏನೂ ಹೇಳದೆ ಅಳಲು ಶುರು ಮಾಡಿದಳು.

ಈ ರೈಫಲ್ ಗುಂಡು ಹಾರಿಸುವುದು ಸಿಲಿಂಡರಿನಲ್ಲಿ ಅದುಮಿ ತುಂಬಿದ ಗಾಳಿಯಿಂದ. ಹೊರಗೆಲ್ಲಾದರೂ ಆ ಗಾಳಿ ಸೋರುತ್ತಿದೆಯೇ ಅಂತ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದೆವು, ಒಂದು ಗುಳ್ಳೆಯೂ ಏಳಲಿಲ್ಲ. ರಾತ್ರಿಯಿಡೀ ಇಟ್ಟರೂ ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಇಳಿಯಲಿಲ್ಲ. ಉಳಿದದ್ದು ರೆಗ್ಯುಲೇಟರ್. ಸಿಲಿಂಡರಿನ 200 ಬಾರ್ ಒತ್ತಡವನ್ನು ತಗ್ಗಿಸಿ ಪ್ರತಿ ಗುಂಡಿಗೂ ಒಂದೇ ಅಳತೆಯ ಗಾಳಿ ಬಿಡುವ ಭಾಗ ಅದು. ಅದು ಮುಚ್ಚಿಕೊಳ್ಳುವ ಕಡೆ ಸವೆದರೆ, ಇಲ್ಲವೇ ಕಸ ಕೂತರೆ, ಗಾಳಿ ಒಳಗೊಳಗೇ ಜಿನುಗುತ್ತದೆ. ಎಷ್ಟು ಹೊತ್ತು ಸುಮ್ಮನಿಟ್ಟರೆ ಅಷ್ಟು ಒತ್ತಡ ಏರುತ್ತದೆ, ಆಮೇಲಿನ ಮೊದಲ ಗುಂಡು ಅಷ್ಟು ಜೋರಾಗಿ ಹೋಗುತ್ತದೆ.

ನೆರೆಯವರೊಬ್ಬರು ಎರಡು ಹನಿ ಹೊಲಿಗೆ ಮಷೀನಿನ ಎಣ್ಣೆ ಬಿಡಿ ಅಂದರು. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ಅಷ್ಟು ಒತ್ತಡದ ಗಾಳಿಯಲ್ಲಿ ಖನಿಜ ತೈಲ ಹೊತ್ತಿಕೊಂಡು ಸಿಡಿಯಬಹುದು. ರಬ್ಬರ್ ರಿಂಗುಗಳಿಗೆ ಸಿಲಿಕೋನ್ ಗ್ರೀಸ್, ಅದೂ ಬೆರಳ ತುದಿಯಷ್ಟು. ರೆಗ್ಯುಲೇಟರ್ ಬಿಚ್ಚುವ ಧೈರ್ಯ ನಾನು ಮಾಡಲಿಲ್ಲ, ನೀವೂ ಮಾಡಬೇಡಿ. ನನ್ನ ಕೆಲಸ ಇಷ್ಟೇ: ನಳಿಗೆಯಲ್ಲಿ ಪೆಲೆಟ್ ಇಲ್ಲ ಅಂತ ಖಚಿತ ಮಾಡಿಕೊಂಡು ಸಿಲಿಂಡರ್ ತಿರುಗಿಸಿ ತೆಗೆದೆ. ತೆಗೆದ ಮೇಲೂ ಒಳಗೆ ಗಾಳಿ ಉಳಿದಿರುತ್ತದೆ, ಬಹಳ ಜನ ಮರೆಯುವುದು ಇದನ್ನೇ. ರೇಂಜಿನಲ್ಲೇ, ನಳಿಗೆ ಗುರಿಯ ಕಡೆಗಿಟ್ಟು, ಸದ್ದು ಪೂರಾ ನಿಲ್ಲುವವರೆಗೆ ಬರಿದೇ ಟ್ರಿಗರ್ ಒತ್ತಿದೆ. ಆಮೇಲೆ ಬಂದೂಕು ದುರಸ್ತಿ ಮಾಡುವ ಆರ್ಮರರ್ ಕೈಗೆ ಕೊಟ್ಟೆ.

ಅವರು ಬಿಚ್ಚಿ ನೋಡಿ "ಪಾಣಿ ಗೇಲಯ ಆತ" ಅಂದರು, ಒಳಗೆ ನೀರು ಹೋಗಿದೆ ಅಂತ. ಸಣ್ಣ ತುಕ್ಕಿನ ಚುಕ್ಕೆಗಳನ್ನು ತೋರಿಸಿದರು. ಹಳೆಯ ಮಾಲೀಕರನ್ನು ಕೇಳಿದರೆ ವರ್ಷಗಟ್ಟಲೆ ಮನೆಯಲ್ಲೇ ಕೈಪಂಪಿನಿಂದ ಗಾಳಿ ತುಂಬುತ್ತಿದ್ದರಂತೆ. ಮುಂಬೈಯ ಆ ಜಿಗುಟು ಗಾಳಿಯನ್ನು ಅದುಮಿದರೆ ತೇವವೆಲ್ಲ ನೀರಾಗಿ ಒಳಗೆ ಇಳಿಯುತ್ತದೆ. ಕೊಳ್ಳುವಾಗ ನಾನು ಮರದ ಹೊಳಪು ನೋಡಿದೆ, ಪೆಟ್ಟಿಗೆಯ ಬೀಗ ನೋಡಿದೆ, ಗಾಳಿ ಯಾವುದರಿಂದ ತುಂಬುತ್ತೀರಿ ಅಂತ ಕೇಳಲೇ ಇಲ್ಲ. ಈಗ ನಾವು ರೇಂಜಿನ ಒಣಗಾಳಿಯ ದೊಡ್ಡ ಸಿಲಿಂಡರಿನಿಂದಲೇ, ನಿಧಾನವಾಗಿ, ಬಿಸಿಯಾಗದಂತೆ ತುಂಬುತ್ತೇವೆ.

ದುರಸ್ತಿಗೆ 4,500 ರೂಪಾಯಿ. ಜೊತೆಗೆ ಇನ್ನೊಂದು ಪೆಟ್ಟು: ಸಿಲಿಂಡರ್ ಮೇಲೆ 2014 ಅಂತ ಮುದ್ರೆಯಿತ್ತು, ಅದರ ಆಯುಸ್ಸು ಹತ್ತು ವರ್ಷ. ಅವಧಿ ಮೀರಿಲ್ಲ ಅಂತ ನೋಡಿಕೊಳ್ಳುವುದು ಶೂಟರ್‌ನದೇ ಹೊಣೆ ಅಂತ ಅಂತರರಾಷ್ಟ್ರೀಯ ನಿಯಮದಲ್ಲೇ ಇದೆ. ಹೊಸದಕ್ಕೆ 18,000 ಆಯಿತು. ಸೆಕೆಂಡ್ ಹ್ಯಾಂಡ್ ಬೆಲೆ ಕೂಡಿಸುವಾಗ ಇದನ್ನೂ ಸೇರಿಸಿಕೊಳ್ಳಿ. ಒಟ್ಟು ಲಕ್ಷದ ಏಳೂವರೆ ಸಾವಿರ. ಈಗಲೂ ಇದನ್ನೇ ಕೊಳ್ಳುತ್ತಿದ್ದೆ.

ದುರಸ್ತಿಯಾಗಿ ರೈಫಲ್ ಮನೆಗೆ ಮರಳಿದ ವಾರವೇ, ಆಗಸ್ಟ್ 1ಕ್ಕೆ, ಕೊಲ್ಹಾಪುರ ಕಡೆಯ ಶೂಟರ್ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಮಗಳು ಟಿ.ವಿ. ಮುಂದೆ ಕೂತು, ನೋಡುತ್ತಲೇ ತನ್ನ ರೈಫಲ್ ಒರೆಸುತ್ತಿದ್ದಳು.

ಹೋದ ತಿಂಗಳ ಸ್ಪರ್ಧೆಯಲ್ಲಿ 32ನೇ ಗುಂಡಿನ ನಂತರ ರೈಫಲ್ ಸ್ಟ್ಯಾಂಡಿಗಿಟ್ಟು ಕೂತಳು, ನೀರು ಕುಡಿದಳು, ಕಣ್ಣು ಮುಚ್ಚಿದಳು. ಹಿಂದಿನ ಸಾಲಿನಲ್ಲಿ ನಾನು ಗಡಿಯಾರವನ್ನೇ ನೋಡುತ್ತಿದ್ದೆ. ಆರು ನಿಮಿಷ. ಎದ್ದು ನಿಂತು ಹೊಡೆದ 33ನೆಯದು 10.4.