ವಾಕಿಟಾಕಿ ಸೆಟ್ಟಿಗೆ ವೈರ್ ಮೈಕಾ, ಬ್ಲೂಟೂತ್ ಮೈಕಾ? ಎರಡು ಮಳೆಗಾಲ ಹಾಕ್ಕೊಂಡು ನೋಡಿದ್ಮೇಲೆ ಬರೀತಿದೀನಿ

ಇದು ಶುರುವಾಗಿದ್ದು ಒಂದು ಪ್ರಾಕ್ಟೀಸ್ ದಿನದಿಂದ. ಆರಿದ್ರ ಮಳೆ ಹಿಡ್ಕೊಂಡಿತ್ತು, ತೀರ್ಥಹಳ್ಳಿ ಕಡೆ ಹೊಳೆ ದಡದಲ್ಲಿ ನಮ್ ರಕ್ಷಣಾ ಟೀಮಿನೋರು ಹಗ್ಗದ ಕೆಲಸ ಕಲೀತಾ ಇದ್ವಿ, ತೊಡೆ ಮಟ್ಟದ ನೀರು ಅಷ್ಟೆ. ನೀರಲ್ಲಿದ್ದ ಹುಡುಗನ ಕಾಲು ಮರದ ಬೇರಿಗೆ ಸಿಕ್ಕಾಕ್ಕೊಳ್ತು, ಅವನ ಪಕ್ಕದಲ್ಲಿದ್ದೋನು ಸೆಟ್ಟಲ್ಲಿ 'ಎಳಿಬೇಡ' ಅಂದ. ದಡದಲ್ಲಿ ಹಗ್ಗ ಹಿಡಿದಿದ್ದ ನಮಗೆ ಕೇಳ್ಸಿದ್ದು 'ಎಳಿ' ಅಂತ. ಎಳೆದ್ವಿ. ಹುಡುಗನ ಮಂಡಿ ತಿರುಚ್ಕೊಂಡು ಮೂರು ವಾರ ಕುಂಟಿದ. ಆವತ್ತು 'ಎಳಿಬೇಡ' ಅಂದೋನ ಕಿವಿಲಿ ಇದ್ದಿದ್ದು ಹೊಸದಾಗಿ ತರ್ಸಿದ್ದ ಬ್ಲೂಟೂತ್ ಇಯರ್‌ಪೀಸ್.

ನಮ್ ಭಾಷೆಲಿ 'ಬೇಡ' ಅನ್ನೋದು ಕೊನೆಗೆ ಬರುತ್ತೆ ನೋಡಿ. ಬಿಡಬೇಡ, ಇಳಿಬೇಡ, ದಾಟಬೇಡ. ಕೊನೆ ಅರ್ಧ ಸೆಕೆಂಡು ಕತ್ತರಿಸಿ ಹೋದ್ರೆ ಮಾತು ಅರ್ಧ ಆಗೋದಲ್ಲ, ತಿರುಗಾಮುರುಗಾ ಆಗುತ್ತೆ. ಅದಕ್ಕೆ ಅವತ್ತಿಂದ ಯಾವ ಮೈಕ್ ಬಂದ್ರೂ ನಾನು ಮೊದ್ಲು ನೋಡೋದು ಸೌಂಡ್ ಎಷ್ಟು ಚೆನ್ನಾಗಿದೆ ಅಂತಲ್ಲ, ಮಾತಿನ ತಲೆ ಬಾಲ ಎರಡೂ ಉಳೀತಾವಾ ಅಂತ. ಈ ಎರಡು ಮಳೆಗಾಲ, ನಡುವೆ ಒಂದು ಬೇಸಿಗೆ ಕಾಡಿನ ಬೆಂಕಿ, ಇಷ್ಟರಲ್ಲಿ ಐದು ಥರದ್ದು ಹಾಕಿ ನೋಡಿದೀನಿ. ನಮ್ದು ಎಂಟು ಜನರ ಟೀಮು, ವಾಲಂಟಿಯರ್ಸು, ನೆರೆ ಬಂದಾಗ ಅಗ್ನಿಶಾಮಕದೋರ ಜೊತೆ, ಬೇಸಿಗೆಲಿ ಫಾರೆಸ್ಟ್‌ನೋರ ಜೊತೆ ಹೋಗ್ತೀವಿ. ಸೆಟ್ಟುಗಳು ವಿಎಚ್‌ಎಫ್ ತರಂಗದ್ದು, 5 ವ್ಯಾಟಿಂದು, ಲೈಸೆನ್ಸ್ ಇದೆ. ಲೈಸೆನ್ಸ್ ಬೇಡದ 446 ಮೆಗಾಹರ್ಟ್ಸ್ ಸೆಟ್ಟೂ ಸಿಗ್ತಾವೆ, ಅದಕ್ಕೆ ಅರ್ಧ ವ್ಯಾಟ್ ಮಿತಿ, ನಮ್ ಗುಡ್ಡ ಕಣಿವೆಲಿ ಒಂದು ತಿರುವು ದಾಟಿದ್ರೆ ಮುಗೀತು.

ಮೊದ್ಲು ಭುಜಕ್ಕೆ ಸಿಕ್ಸೋ ವೈರ್ ಸ್ಪೀಕರ್ ಮೈಕ್. ಪೊಲೀಸರ ಹೆಗಲ ಮೇಲೆ ಇರುತ್ತಲ್ಲ, ಸುರುಳಿ ವೈರಿಂದು, ಅದೇ. ನಾವು ತಗೊಂಡಿದ್ದು 900 ರೂಪಾಯಿದು. ಬಟನ್ ಒತ್ತಿದ ತಕ್ಷಣ ಸೆಟ್ ಓಪನ್, ಬಿಟ್ಟ ತಕ್ಷಣ ಬಂದ್, ನಡುವೆ ಯಾವ ಲೆಕ್ಕಾಚಾರನೂ ಇಲ್ಲ. 'ಎಳಿಬೇಡ' ಅಂತ ಎಷ್ಟು ಸ್ಪೀಡಾಗಿ ಹೇಳಿದ್ರೂ ಪೂರ್ತಿ ಹೋಗುತ್ತೆ. ಚಾರ್ಜ್ ಮಾಡೋ ಕೆಲಸನೇ ಇಲ್ಲ, ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ದಿರೋ ಊರಲ್ಲಿ ಇದು ಸಣ್ಣ ವಿಷಯ ಅಲ್ಲ. ಜಡಿಮಳೆಲಿ ಸ್ಪೀಕರ್ ಜಾಲರಿಗೆ ನೀರು ಕೂತ್ರೆ ದನಿ ಗೊಗ್ಗರಾಗುತ್ತೆ, ಮೈಕನ್ನ ಮುಖ ಕೆಳಗೆ ಮಾಡಿ ಎರಡು ಸಲ ಕೊಡವಿದ್ರೆ ಸರಿ ಹೋಗುತ್ತೆ. ಸಿಕ್ಸುವಾಗ ಜಾಲರಿ ಸ್ವಲ್ಪ ಕೆಳಮುಖ ಇರೋ ಥರ ಸಿಕ್ಸಿದ್ರೆ ಅದೂ ಬೇಡ.

ಇದರ ಕಷ್ಟ ಎರಡು. ಒಂದು ವೈರ್, ಅದು ಲೈಫ್ ಜಾಕೆಟ್ ಬಕಲ್‌ಗೆ, ಸೀಗೆಮುಳ್ಳಿಗೆ, ಇನ್ನೊಬ್ರ ಹಗ್ಗಕ್ಕೆ, ಎಲ್ಲಕ್ಕೂ ಸಿಕ್ಕುತ್ತೆ. ಸಿಕ್ಕಿ ಎಳೆದಾಗ ಕೆನ್‌ವುಡ್ ಥರದ ಎರಡು ಪಿನ್ನಿನ ಪ್ಲಗ್ ಅರ್ಧ ಹೊರಗೆ ಬಂದ್ರೆ ಸೆಟ್ ತಾನಾಗೇ ಟ್ರಾನ್ಸ್‌ಮಿಟ್ ಆಗ್ತಾ ನಿಂತುಬಿಡುತ್ತೆ, ಆಗ ಇಡೀ ಚಾನೆಲ್ ಬ್ಲಾಕು, ಉಳಿದ ಏಳು ಜನ ಕಿರುಚಿದ್ರೂ ಯಾರಿಗೂ ಕೇಳಲ್ಲ. ಹಂಗಾಗಿ ಸೆಟ್ ಪ್ರೋಗ್ರಾಮ್ ಮಾಡ್ಸುವಾಗ ಟೈಮ್‌ಔಟ್ 60 ಸೆಕೆಂಡಿಗೆ ಇಡ್ಸಿ, ಒಂದು ನಿಮಿಷಕ್ಕೆ ಅದೇ ಕಟ್ಟಾಗುತ್ತೆ. ಪ್ಲಗ್‌ಗೆ ಸ್ಕ್ರೂ ಇರೋ ಸೆಟ್ಟಾದ್ರೆ ಈ ತೊಂದ್ರೆ ಕಮ್ಮಿ.

ಎರಡನೇದು ಹೇಳೋಕೆ ಕಷ್ಟ ಆದ್ರೂ ಹೇಳ್ಬೇಕು. ಸ್ಪೀಕರ್ ಅಂದ್ರೆ ಎಲ್ಲರಿಗೂ ಕೇಳುತ್ತೆ. ಒಂದ್ಸಲ ಹೊಳೆಲಿ ಕೊಚ್ಕೊಂಡು ಹೋದ ಹುಡುಗನ್ನ ಹುಡುಕ್ತಾ ಇದ್ವಿ, ಎರಡನೇ ದಿನ, ನಾನು ದಡದಲ್ಲಿ ಆ ಹುಡುಗನ ತಾಯಿ ಪಕ್ಕದಲ್ಲೇ ನಿಂತಿದ್ದೆ. ಕೆಳಗಡೆ ಟೀಮಿಂದ 'ಬಾಡಿ ಸಿಕ್ತು' ಅಂತ ನನ್ ಹೆಗಲ ಮೇಲೆ ಜೋರಾಗಿ ಬಂತು. ಆ ಅಮ್ಮಂಗೆ ಮಗನ ಸುದ್ದಿ ಹಾಗೆ ಗೊತ್ತಾಗಬಾರ್ದಿತ್ತು. ಅವ್ರು ನನ್ ಕೈ ಹಿಡ್ಕೊಂಡು 'ಎಂತ ಅಂದ್ರು, ಎಂತ ಅಂದ್ರು' ಅಂತ ಕೇಳ್ತಾನೇ ಇದ್ರು. ಅವತ್ತಿಂದ ನಮ್ಮಲ್ಲಿ ಮನೆಯೋರ ಹತ್ರ ನಿಲ್ಲೋರು ಯಾರೇ ಆಗ್ಲಿ ಕಿವಿಗೆ ಇಯರ್‌ಪೀಸ್ ಇಲ್ದೆ ನಿಲ್ಲೋ ಹಾಗಿಲ್ಲ.

ಹಾಗಾಗಿ ಎರಡನೇದು ಕೊಳವೆ ಇಯರ್‌ಪೀಸ್, ಪಾರದರ್ಶಕ ಸುರುಳಿ ಕೊಳವೆ ಕಿವಿ ಹಿಂದೆ ಹೋಗುತ್ತಲ್ಲ, ವಿಐಪಿ ಸೆಕ್ಯುರಿಟಿಯೋರು ಹಾಕ್ತಾರಲ್ಲ. 450 ರೂಪಾಯಿ. ಕಿವಿಲಿ ಕರೆಂಟಿನ ಸಾಮಾನು ಏನೂ ಇರಲ್ಲ, ಸ್ಪೀಕರ್ ಕಾಲರ್ ಹತ್ರ ಇರುತ್ತೆ, ಗಾಳಿ ಕೊಳವೆಲಿ ದನಿ ಬರುತ್ತೆ ಅಷ್ಟೆ. ಪಂಪ್ ಪಕ್ಕದಲ್ಲಿ ನಿಂತ್ರೂ ಮಾತು ಸ್ಪಷ್ಟ ಕೇಳುತ್ತೆ, ಪಕ್ಕದೋರಿಗೆ ಕೇಳಲ್ಲ, ಇನ್ನೊಂದು ಕಿವಿ ಸೀಟಿ ಶಬ್ದ ಕೇಳೋಕೆ ಖಾಲಿ ಇರುತ್ತೆ. ಆದ್ರೆ ಮಳೆನೋ ಬೆವರೋ ಒಂದು ಹನಿ ಕೊಳವೆ ಒಳಗೆ ಹೋದ್ರೆ ದನಿ ಪೂರ್ತಿ ನಿಂತೇ ಹೋಗುತ್ತೆ, ಸೆಟ್ ಹಾಳಾಯ್ತೇನೋ ಅನ್ಕೋಬೇಕು ಅಷ್ಟು. ಕೊಳವೆ ಕಳಚಿ ಊದಿ ಮತ್ತೆ ಸಿಕ್ಸಿದ್ರೆ ಸರಿ. ನಾನು ಜೇಬಲ್ಲಿ ಎರಡು ಒಣಗಿದ ಕೊಳವೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಇಟ್ಕೊಂಡಿರ್ತೀನಿ. ಇದರ ಮೈಕ್ ಮಾತ್ರ ನನಗೆ ಇಷ್ಟ ಆಗ್ಲಿಲ್ಲ, ಬಟನ್ ಬೆರಳುಗುರು ಅಷ್ಟೇ ದೊಡ್ಡದು, ಗ್ಲೌಸ್ ಹಾಕಿದ ಕೈಗೆ ಸಿಗಲ್ಲ, ರೇನ್‌ಕೋಟ್ ಒಳಗೆ ಹೋದ್ರಂತೂ ಹುಡುಕ್ಬೇಕು.

ಮೂರನೇದು ಆ ಅಗ್ಗದ ಬ್ಲೂಟೂತ್ ಡಾಂಗಲ್. 2,500 ಕೊಟ್ಟಿದ್ದು, ಸೆಟ್ಟಿನ ಪಿನ್ನಿಗೆ ಸಿಕ್ಸೋ ಸಣ್ಣ ಡಬ್ಬಿ, ಕಿವಿಗೊಂದು ಇಯರ್‌ಪೀಸ್, ಬೆರಳಿಗೆ ಕಟ್ಟೋ ಒಂದು ಬಟನ್. ಮನೆಲಿ ಟೆಸ್ಟ್ ಮಾಡಿದಾಗ ನಿಜವಾಗ್ಲೂ ಖುಷಿಯಾಗಿತ್ತು, ಸೆಟ್ ಟೇಬಲ್ ಮೇಲಿಟ್ಟು ಅಡುಗೆಮನೆವರೆಗೂ ಹೋಗಿ ಮಾತಾಡಿದ್ದೆ, ಒಂಚೂರೂ ಕಟ್ಟಾಗ್ಲಿಲ್ಲ. ಹೊಳೆ ದಡಕ್ಕೆ ಹೋದ್ರೆ ಸೆಟ್ ಎಡಗಡೆ ಸೊಂಟದಲ್ಲಿ, ಇಯರ್‌ಪೀಸ್ ಬಲಗಿವಿಲಿ, ಒಂದು ಮೀಟರ್ ದೂರನೂ ಇಲ್ಲ, ಪಟ್‌ಪಟ್ ಅಂತ ಕಟ್ಟಾಗ್ತಿದೆ. ಎಂತಕ್ಕೆ ಅಂತ ಆಮೇಲೆ ತಿಳ್ಕೊಂಡೆ. ಬ್ಲೂಟೂತ್ ಓಡೋದು 2.4 ಗಿಗಾಹರ್ಟ್ಸ್‌ನಲ್ಲಿ, ಆ ಅಲೆಗೆ ನೀರು ಅಡ್ಡ ಬಂದ್ರೆ ಹೀರ್ಕೊಂಡುಬಿಡುತ್ತೆ, ಮನುಷ್ಯನ ಮೈ ಅಂದ್ರೆ ಅರ್ಧಕ್ಕಿಂತ ಜಾಸ್ತಿ ನೀರಿನ ಚೀಲನೇ. ಮನೆ ಒಳಗೆ ಗೋಡೆ ಸೂರಿಗೆ ಹೊಡೆದು ವಾಪಸ್ ಬಂದು ಹೆಂಗೋ ಕಿವಿ ಮುಟ್ಟುತ್ತೆ, ಬಯಲಲ್ಲಿ, ಹೊಳೆ ನಡುವೆ ಆ ಗೋಡೆ ಇಲ್ಲ. ಮೇಲಿಂದ ನೆಂದ ರೇನ್‌ಕೋಟ್ ಬೇರೆ. ಸೆಟ್ಟನ್ನ ಎದೆ ಮೇಲಿನ ಚೀಲಕ್ಕೆ ಹಾಕಿ, ಇಯರ್‌ಪೀಸ್ ಅದೇ ಕಡೆ ಕಿವಿಗೆ ಹಾಕಿದ್ಮೇಲೆ ಮುಕ್ಕಾಲು ಭಾಗ ಸರಿಯಾಯ್ತು.

ಸರಿಯಾಗದೇ ಇದ್ದಿದ್ದು ತಲೆ ಬಾಲದ ವಿಷಯ. ಬ್ಯಾಟರಿ ಉಳಿಸೋಕೆ ಇದು ಬಟನ್ ಒತ್ತಿದ ಮೇಲಷ್ಟೇ ದನಿಯ ಲಿಂಕ್ ತೆರೆಯುತ್ತೆ, ತೆರೆಯೋಷ್ಟರಲ್ಲಿ ಮೊದಲ ಪದ ಹೋಗಿರುತ್ತೆ. ಇನ್ನು ಬಟನ್ ಬಿಟ್ಟ ಸುದ್ದಿ ಸೆಟ್ಟಿಗೆ ಬೇಗ ಮುಟ್ಟುತ್ತೆ, ಮಾತು ಮಾತ್ರ ಡಾಂಗಲ್ ಒಳಗೆ ಇನ್ನೂ ಬರ್ತಾ ಇರುತ್ತೆ, ಅಷ್ಟರಲ್ಲಿ ಸೆಟ್ ಬಾಗಿಲು ಹಾಕಿರುತ್ತೆ. ಆ 'ಬೇಡ' ಹೋಗಿದ್ದು ಹಾಗೆ. ಒತ್ತಿ ಒಂದು ಸೆಕೆಂಡು ತಡ್ಕೊಂಡು ಮಾತಾಡಿ, ಮುಗಿದ್ಮೇಲೆ ಇನ್ನೊಂದು ಸೆಕೆಂಡು ಒತ್ತೇ ಇರ್ಬೇಕು, ಕಲೀಬಹುದು, ನಾವೂ ಕಲಿತ್ವಿ, ಆದ್ರೆ ಗಾಬರಿಲಿ ಯಾರಿಗೂ ನೆನಪಿರಲ್ಲ.

ಇನ್ನೊಂದು ಅಪಾಯ ತಗೊಳ್ಳೋರು ತಿಳ್ಕೋಬೇಕು. ಪಿನ್ನಿಗೆ ಡಾಂಗಲ್ ಸಿಕ್ಸಿದ ತಕ್ಷಣ ಸೆಟ್ಟಿನ ಸ್ವಂತ ಸ್ಪೀಕರ್ ಬಂದ್ ಆಗುತ್ತೆ. ಡಾಂಗಲ್ ಚಾರ್ಜ್ ಮುಗಿದ್ರೆ, ನಮ್ದು ಆರು ಗಂಟೆಗೆ ಮುಗೀತಿತ್ತು, ಸೆಟ್ ಮೌನ. ಚಾನೆಲಲ್ಲಿ ಯಾರೂ ಮಾತಾಡ್ತಿಲ್ಲ ಅನ್ಕೊಂಡು ನೀವು ಆರಾಮಾಗಿ ಇರ್ತೀರ, ಅಲ್ಲಿ ನಿಮ್ಮನ್ನೇ ಕೂಗ್ತಾ ಇರ್ತಾರೆ. ಇಯರ್‌ಪೀಸ್ ಡಾಂಗಲ್ ಬಿಟ್ಟು ಜೇಬಲ್ಲಿದ್ದ ಫೋನಿಗೆ ಕನೆಕ್ಟ್ ಆಗಿದ್ದೂ ಎರಡು ಸಲ ಆಯ್ತು. ಇದನ್ನ ನಾನು ಯಾರಿಗೂ ಹೇಳಲ್ಲ ತಗೊಳ್ಳಿ ಅಂತ.

ನಾಲ್ಕನೇದು ದುಬಾರಿ ವೈರ್‌ಲೆಸ್ ಸ್ಪೀಕರ್ ಮೈಕ್, ಸೆಟ್ ಮಾಡಿದ ಕಂಪನಿಯೇ ತಮ್ಮ ಸೆಟ್ಟಿಗೆ ಅಂತ ಮಾಡಿದ್ದು, ಬ್ಲೂಟೂತ್ ಸೆಟ್ ಒಳಗೇ ಇರುತ್ತೆ, ಡಾಂಗಲ್ ಇಲ್ಲ. ಇದು ನಮ್ದಲ್ಲ, 20,000ದ ಹತ್ರ ಆಗುತ್ತೆ, ಬೇರೆ ಟೀಮಿನ ಸ್ನೇಹಿತರೊಬ್ರು ಸೆಟ್ ಸಮೇತ ಪುನರ್ವಸು ಮಳೆ ಪೂರ್ತಿ ಬಳಸೋಕೆ ಕೊಟ್ಟಿದ್ರು. ನಿಜ ಹೇಳ್ತೀನಿ, ಇದು ಬೇರೆನೇ. ಬಟನ್ ಒತ್ತಿದ್ರೆ ಮಾತಾಡಬಹುದು ಅಂತ ಟಿಣ್ ಅನ್ನುತ್ತೆ, ಆಮೇಲೆ ಮಾತಾಡಿದ್ರೆ ತಲೆ ಹೋಗಲ್ಲ. ಬಾಲ ಕೂಡ ನೂರು ಸಲ ಹೇಳಿ ನೋಡಿದ್ವಿ, ಬಿಟ್ಟ ಮೇಲೂ ಸ್ವಲ್ಪ ಹಿಡಿದು ಕಳ್ಸುತ್ತೆ, ಎರಡೇ ಎರಡು ಸಲ ಕಟ್ಟಾಗಿದ್ದು. ಚಾರ್ಜ್ ಹತ್ತು ಗಂಟೆ ಬಂತು. ಐಪಿ67, ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದ್ರೂ ತಡ್ಕೊಳ್ಳುತ್ತೆ. ಆದ್ರೆ ಮುಳುಗೋದು ಬೇರೆ, ಹೋಸ್ ಪೈಪಿನ ನೀರು ರಭಸವಾಗಿ ಹೊಡಿಯೋದು ಬೇರೆ, ಅದಕ್ಕೆ ಕೊನೆ ಅಂಕಿ 5 ಅಥವಾ 6 ಇರೋ ರೇಟಿಂಗ್ ನೋಡ್ಬೇಕು, 7 ಇದೆ ಅಂದ್ರೆ 6 ಕೂಡ ಸೇರಿದೆ ಅನ್ಕೋಬೇಡಿ. ದೋಣಿಲಿ ಇದರ ಬೆಲೆ ಗೊತ್ತಾಗುತ್ತೆ. ಹುಟ್ಟು, ಹಗ್ಗ, ಲೈಫ್ ಜಾಕೆಟ್, ಮೇಲೆ ಹತ್ತಿಸ್ಕೊಳ್ಳೋ ಜನರ ಕೈ, ಇಷ್ಟರ ನಡುವೆ ವೈರ್ ಇಲ್ದೆ ಇರೋದು ದೊಡ್ಡ ನೆಮ್ಮದಿ. ದೋಣಿ ನಡೆಸೋ ಅಣ್ಣ ಅದನ್ನ ವಾಪಸ್ ಕೊಡೋಕೇ ಮನಸ್ಸು ಮಾಡ್ಲಿಲ್ಲ.

ಐದನೇದು ಗಂಟಲು ಮೈಕ್, ಕುತ್ತಿಗೆಗೆ ಪಟ್ಟಿ ಥರ ಕಟ್ಟೋದು, ಗಂಟಲ ಕಂಪನ ಹಿಡಿಯುತ್ತೆ, ಹೊರಗಿನ ಗಲಾಟೆ ಹಿಡಿಯಲ್ಲ. ದೋಣಿ ಇಂಜಿನ್ ಪಕ್ಕ ಇದು ಅದ್ಭುತ. ತೊಂದ್ರೆ ಏನಂದ್ರೆ ಸ, ಶ, ಪ, ಮ ಇವೆಲ್ಲ ಹುಟ್ಟೋದು ಹಲ್ಲು ತುಟಿ ಹತ್ರ, ಗಂಟಲಿಗೆ ಅವುಗಳ ಸುದ್ದಿ ಪೂರ್ತಿ ಗೊತ್ತಿರಲ್ಲ. 'ಮೂರು' ಮತ್ತೆ 'ನೂರು' ಒಂದೇ ಥರ ಕೇಳುತ್ತೆ. ಮೂರಡಿ ಹಗ್ಗ ಬಿಡು ಅಂದ್ರೆ ನೂರಡಿ ಅಂತ ಕೇಳಿದ್ರೆ ಏನ್ಗತಿ. ಬೇಸಿಗೆಲಿ ಶೆಟ್ಟಿಹಳ್ಳಿ ಕಡೆ ಕಾಡಿನ ಬೆಂಕಿಗೆ ಹಸಿ ಸೊಪ್ಪು ಹಿಡ್ಕೊಂಡು ಬಡಿಯೋಕೆ ಹೋದಾಗ ಕಟ್ಕೊಂಡಿದ್ದೆ, ಎರಡು ಗಂಟೆಲಿ ಬೆವರಿಗೆ ಕುತ್ತಿಗೆ ಉರಿ, ಬಿಚ್ಚಿ ಚೀಲಕ್ಕೆ ಹಾಕ್ದೆ.

ಈಗ ನಮ್ಮಲ್ಲಿ ಹೆಂಗೆ ಹಂಚ್ಕೊಂಡಿದೀವಿ ಅಂದ್ರೆ, ದಡದಲ್ಲಿ ಹಗ್ಗ ಹಿಡಿಯೋರಿಗೆಲ್ಲ ವೈರ್ ಸ್ಪೀಕರ್ ಮೈಕ್, ಅದರ ಕೆಳಗಿನ ತೂತಿಗೆ ಕೇಳೋಕೆ ಮಾತ್ರ ಇರೋ ಕೊಳವೆ ಇಯರ್‌ಪೀಸ್. ಮಾತು ದೊಡ್ಡ ಬಟನ್ನಿಂದ, ಕೇಳೋದು ಕಿವಿಲಿ, ಎರಡೂ ಸೇರಿ 1,350ರ ಒಳಗೆ, ನನ್ ಪ್ರಕಾರ ಮಲೆನಾಡಿನ ಮಳೆಗೆ ಇದಕ್ಕಿಂತ ಒಳ್ಳೇದು ಈ ದುಡ್ಡಲ್ಲಿ ಇಲ್ಲ. ನೀರಿಗೆ ಇಳಿಯೋರ ಮೈಮೇಲೆ ಯಾವ ವೈರೂ ಇಲ್ಲ, ಅವರಿಗೆ ಸೀಟಿ ಮತ್ತೆ ಕೈಸನ್ನೆ. ದೋಣಿಗೆ ಒಂದು ದುಬಾರಿ ವೈರ್‌ಲೆಸ್ ತಗೋಬೇಕು ಅಂತ ದುಡ್ಡು ಕೂಡ್ಸ್ತಾ ಇದೀವಿ, ಅರ್ಧ ಆಗಿದೆ. ತುಂಗಾ ಹೊಳೆಲಿರೋ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗ್ತು ಅಂತ ಶಿವಮೊಗ್ಗದಿಂದ ಸುದ್ದಿ ಬಂದ್ರೆ ನಮಗೂ ಕರೆ ಬರೋ ಹೊತ್ತು ಅಂತಲೇ ಲೆಕ್ಕ, ಅದಕ್ಕಿಂತ ಮುಂಚೆ ಆದ್ರೆ ಒಳ್ಳೇದಿತ್ತು.

ಮಾತಾಡೋ ರೀತಿನೂ ಬದಲಾಯ್ಸಿದೀವಿ. ಅಗ್ನಿಶಾಮಕದಲ್ಲಿದ್ದು ರಿಟೈರ್ ಆದ ನಮ್ ಹಿರಿಯರೊಬ್ರು ಹೇಳ್ಕೊಟ್ಟಿದ್ದು, 'ಬೇಡ' ಅನ್ನೋದನ್ನ ಮೊದ್ಲೂ ಹೇಳಿ ಕೊನೆಗೂ ಹೇಳಿ ಅಂತ. 'ಬೇಡ ಬೇಡ, ಎಳಿಬೇಡ.' ಎಳೀಬೇಕಾದ್ರೆ 'ಎಳಿ' ಅನ್ನಲ್ಲ, 'ದಡಕ್ಕೆ ತಗೋ' ಅಂತೀವಿ, ಹಂಗಾಗಿ ಎರಡು ಮಾತು ಎಷ್ಟು ತುಂಡಾದ್ರೂ ಒಂದಕ್ಕೊಂದು ಬೆರೆಯಲ್ಲ.

ನೀವು ಯಾವುದಾದ್ರೂ ತಗೊಳ್ಳೋಕೆ ಹೋದ್ರೆ ಅಂಗಡಿ ಒಳಗೆ ಹಲೋ ಹಲೋ ಅಂತ ಟೆಸ್ಟ್ ಮಾಡ್ಬೇಡಿ. ಸೆಟ್ ಸೊಂಟದ ಹಿಂದೆ ಸಿಕ್ಸಿ, ಹೊರಗೆ ಬಯಲಿಗೆ ಬನ್ನಿ, ಒಬ್ರನ್ನ ದೂರ ನಿಲ್ಸಿ, ಎರಡು ನಿಮಿಷ ಸುಮ್ನಿದ್ದು ಆಮೇಲೆ ಬಟನ್ ಒತ್ತಿ ತಕ್ಷಣ 'ಎಳಿಬೇಡ' ಅಂದು ಅಷ್ಟೇ ಬೇಗ ಬಿಡಿ. ಹತ್ತು ಸಲ ಹಾಗೆ. ಆ ಕಡೆಯೋರು ಕೇಳಿದ್ದನ್ನ ಕೇಳಿದ ಹಾಗೇ ಚೀಟಿಲಿ ಬರ್ಕೊಳ್ಳಲಿ.